ಕಿತ್ತಳೆ ಗಂಟಲಿನ ನೊಣಹಿಡುಕ

ಕನ್ನಡಕದ ಅಂಗಡಿಯವನಿಗೆ ಊರಿನಲ್ಲಿ ಯಾರ ಕಣ್ಣಿನ ಮೇಲೂ ನಂಬಿಕೆಯಿಲ್ಲ. ಅಕ್ಕನ ಗಂಡನ ಕಣ್ಣಿನ ಮೇಲಂತೂ ಕೇಳಲೇಬೇಡಿ. ಫೋಟೋ ಸ್ಟುಡಿಯೋ ಇಟ್ಟಿದ್ದ ಆ ಭಾವ, ತೋಪಿನ ಮಣ್ಣುದಿಬ್ಬದಲ್ಲಿ ಕಿತ್ತಳೆ ಗಂಟಲಿನ ನೊಣಹಿಡುಕ ಮರಿ ಮಾಡಿದೆ ಎಂದು ಫೋಟೋ ತೋರಿಸಿದಾಗ ಹಕ್ಕಿ ನೋಡುವ ಗುಂಪೆಲ್ಲ ಬಾಯಿ ಬಿಟ್ಟು ನೋಡಿತು. ಈ ತೋಪಿನಲ್ಲಿ ಇದುವರೆಗೆ ಕಂಡ ನೊಣಹಿಡುಕಗಳಿಗೆ ಕಿತ್ತಳೆ ಬಣ್ಣ ಎದೆಗೇ ನಿಲ್ಲುತ್ತದೆ, ಕೊಕ್ಕಿನ ಬುಡ ಮುಟ್ಟುವುದಿಲ್ಲ. ಕನ್ನಡಕದ ಅಂಗಡಿಯ ಇವನೊಬ್ಬ ಮಾತ್ರ ಮೂಗು ಮುರಿದ.

"ಕಾಗೆ ಹಾರಿಸಬೇಡಿ ಭಾವ. ಅಷ್ಟು ಹತ್ತಿರ ಅದು ತಾನಾಗೇ ಬಂತಾ? ಫೋನಲ್ಲಿ ಅದರ ಕೂಗು ಹಾಕಿ ಕರೆಸಿದ್ದೀರಿ. ಹಾಗೆ ಮಾಡಿದ್ರೆ ತಾಯಿ ಗೂಡಿಗೆ ಹೋಗಲ್ಲ, ಮರಿ ಸಾಯುತ್ತೆ, ಗೊತ್ತಲ್ಲ?"

"ನಾನು ಯಾಕೋ ಹಂಗೆ ಮಾಡ್ಲಿ?" ಎಂದು ಭಾವ ನಕ್ಕ. ಆ ನಗುವೇ ಇವನ ಅನುಮಾನಕ್ಕೆ ತುಪ್ಪ ಸುರಿಯಿತು.

ಮಾರನೆಯ ದಿನ ಬೆಳಗಾಗುವುದರೊಳಗೆ ಇವನು ದಿಬ್ಬದ ಬುಡದ ಪೊದೆಯಲ್ಲಿ ಹಸಿರು ಬಟ್ಟೆ ಹೊದ್ದು ಕೂತ. ಭಾವ ಬರಲಿ, ಕೈಯಾರೆ ಹಿಡಿಯುತ್ತೇನೆ ಎಂಬ ಹಟ. ಸ್ವಲ್ಪ ಹೊತ್ತಿಗೇ ಟಿಕ್, ಟಿಕ್ ಎಂಬ ಕೂಗು ಶುರುವಾಯಿತು. ಒಂದೇ ಸಮ, ಒಂದೇ ಗತಿ. ಜೀವ ಇರುವ ಹಕ್ಕಿ ಹೀಗೆ ಕೂಗುತ್ತದೆಯೇ? ಸಿಕ್ಕಿಬಿದ್ದ ಕಳ್ಳ! ಫೋನು ಎಲ್ಲಿಟ್ಟಿದ್ದಾನೆಂದು ನೋಡಲು ಇವನು ಇನ್ನಷ್ಟು ಒಳಕ್ಕೆ ತೆವಳಿ, ದಿಬ್ಬಕ್ಕೆ ಬೆನ್ನು ಕೊಟ್ಟು ಕೂತ. ಕೂಗು ಜೋರಾಯಿತು. ಬಿಸಿಲೇರುವವರೆಗೂ ಪುಣ್ಯಾತ್ಮ ಅಲ್ಲಾಡಲಿಲ್ಲ.

ಆಮೇಲೆ ಕಾಲುದಾರಿಯಲ್ಲಿ ಭಾವ ಬಂದ. ಇವನು ದಡಬಡಿಸಿ ಎದ್ದ.

"ಎಲ್ಲಿ ಭಾವ ಫೋನು? ತೆಗೀರಿ ಆಚೆ!"

"ಮನೇಲಿದೆ, ನಿಮ್ಮಕ್ಕನ ಹತ್ರ." ಭಾವನ ಕಣ್ಣು ಇವನ ಬೆನ್ನ ಹಿಂದಿನ ದಿಬ್ಬದ ಮೇಲಿತ್ತು. ಮುಖ ಬಿಳಿಚಿಕೊಂಡಿತ್ತು. "ಅಯ್ಯೋ, ಎಷ್ಟೊತ್ತಾಯ್ತೋ ಇಲ್ಲಿ ಕೂತು? ಅದು ಹಕ್ಕಿ ಹೆದರಿ ಕೂಗ್ತಿರೋದು. ಮೊದಲು ಈ ಕಡೆ ಬಾ."

ರಟ್ಟೆ ಹಿಡಿದು ದೂರದ ಮರದ ಮರೆಗೆ ಎಳೆದೊಯ್ದ. ಕೂಗು ತಟ್ಟನೆ ನಿಂತಿತು. ಮೇಲಿನ ಕೊಂಬೆಯಿಂದ ಪುಟ್ಟ ಹಕ್ಕಿಯೊಂದು ಇಳಿದು, ಇವನು ಬೆನ್ನು ಕೊಟ್ಟಿದ್ದ ಜಾಗದ ಪಕ್ಕದ ಪೊಟರೆಗೆ ನುಗ್ಗಿತು. ಇವನು ದುರ್ಬೀನು ಎತ್ತಿದ. ಹಕ್ಕಿ ಹೊರಬಂದು ಅಂಚಿನಲ್ಲಿ ಕೂತಾಗ ಗಂಟಲಿನ ಕಿತ್ತಳೆ ಬಣ್ಣ ಕೊಕ್ಕಿನ ಬುಡದವರೆಗೂ ನಿಚ್ಚಳವಾಗಿ ಕಂಡಿತು. ಅನುಮಾನವೇ ಇರಲಿಲ್ಲ, ಅದೇ ಹಕ್ಕಿ. ಕೊಕ್ಕಿನಲ್ಲಿ ರೆಕ್ಕೆಪುಕ್ಕವಿಲ್ಲದ ಮರಿಯೊಂದು ಜೋತಾಡುತ್ತಿತ್ತು. ಹಕ್ಕಿ ಅದನ್ನು ಒಯ್ದು ಆಚೆ ಹುಲ್ಲಿನಲ್ಲಿ ಹಾಕಿತು.

ಇವನು ದುರ್ಬೀನು ಇಳಿಸಿದ. ಸ್ವಲ್ಪ ಹೊತ್ತಿನಲ್ಲಿ ಹಕ್ಕಿ ಹುಳ ಕಚ್ಚಿಕೊಂಡು ಮತ್ತೆ ಒಳಗೆ ಹೋಯಿತು.

"ಇನ್ನೊಂದು ಬದುಕಿದೆ," ಎಂದ ಭಾವ. "ನನ್ನನ್ನ ಒಂದು ಮಾತು ಕೇಳಿದ್ರೆ ನಾನೇ ತೋರಿಸ್ತಿದ್ನಲ್ಲೋ. ಇಲ್ಲಿಂದ."