ಮೂವತ್ತು ಜನರ ನಗು

ಬೆಳಿಗ್ಗೆ ಆರು ಗಂಟೆಗೆ ನಗಬೇಕು. ತಮಿಳುನಾಡಿನ ತೇನಿ ಪಕ್ಕದ ಆ ನರ್ಸಿಂಗ್ ಕಾಲೇಜಿನಲ್ಲಿ ಆ ವಾರದ ಕಾನೂನು ಅದು. ಪಾಠ ಹೇಳುವ ಮಣಿಮೇಗಲೈ ಮೇಡಂ ಎಂ.ಎಸ್ಸಿ. ಪ್ರಬಂಧ ಮುಗಿಸಬೇಕಿತ್ತು. ನಗೆ ಚಿಕಿತ್ಸೆಯಿಂದ ವಿದ್ಯಾರ್ಥಿನಿಯರ ಒತ್ತಡ ಇಳಿಯುತ್ತದೆ ಅಂತ ತೋರಿಸುವ ಪ್ರಬಂಧ. ಅದಕ್ಕೆ ಎರಡನೇ ವರ್ಷದ ಮೂವತ್ತು ಹುಡುಗಿಯರು, ಏಳು ದಿನ. ಮೊದಲ ದಿನ ಒಂದು ಪ್ರಶ್ನಾವಳಿ, ಕೊನೆಯ ದಿನ ಅದೇ ಪ್ರಶ್ನಾವಳಿ. ನಡುವೆ ಕೈ ಎತ್ತಿ ಹಹಹ, ಸೊಂಟ ಹಿಡಿದು ಹೋಹೋಹೋ. ನಗದವಳಿಗೆ ಹಾಜರಿ ಇಲ್ಲ.

ಅವರಲ್ಲೊಬ್ಬಳು, ಕೊಂಬೈ ಊರಿನ ಜನನಿ, ಮೊದಲ ದಿನ ಸುಳ್ಳು ಬರೆಯಲಿಲ್ಲ. ನಿದ್ದೆ ಬರುತ್ತದೆಯೇ? ಇಲ್ಲ. ಊಟ ಸೇರುತ್ತದೆಯೇ? ಇಲ್ಲ. ಮನಸ್ಸಿನಲ್ಲಿ ಭಾರವಿದೆಯೇ? ಯಾವಾಗಲೂ. ಇದನ್ನು ಓದಿದವರು ಕರೆದೇ ಕರೆಯುತ್ತಾರೆ, ಆಗ ಕೇಳಿಬಿಡಬೇಕು, ಆ ಮುದುಕಿಯನ್ನು ಕೊಂದದ್ದು ನಾನೇನಾ ಅಂತ, ಎಂದು ಕಾದಳು.

ಮೇಡಂ ಕರೆದರು. "ಐವತ್ತಕ್ಕೆ ನಲವತ್ತಾರು. ಎಲ್ಲರಿಗಿಂತ ನಿನ್ನದೇ ಜಾಸ್ತಿ. ಒಳ್ಳೆಯದಾಯಿತು, ಇದು ಇಳಿದರೆ ಚೆನ್ನಾಗಿ ಕಾಣುತ್ತದೆ" ಅಂದರು ತಮಿಳಿನಲ್ಲಿ. ಅಷ್ಟೇ.

ಹದಿನೈದು ದಿನದ ಹಿಂದಿನ ಮಾತು. ಜನನಿಗೆ ಡ್ಯೂಟಿ ಹಾಕಿದ್ದ ಆಸ್ಪತ್ರೆ ವಾರ್ಡಿನಲ್ಲಿ ಹನುಮಂತನಪಟ್ಟಿಯ ಪಾಪಮ್ಮಾಳ್ ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದಳು. ಬಾಯಿಗೆ ಏನೂ ಕೊಡಬಾರದು ಅಂತ ಹಾಸಿಗೆಗೆ ಚೀಟಿ ಕಟ್ಟಿತ್ತು. ಜ್ವರದ ಕಾವಿನಲ್ಲಿ ಮುದುಕಿಗೆ ತಮಿಳೆಲ್ಲ ಕಳಚಿ ಬಿದ್ದು, ಮನೆಯ ಕನ್ನಡ ಒಂದೇ ಉಳಿದಿತ್ತು. ವಾರ್ಡಿನವರಿಗೆ ಅದು ಬರೀ ಬಡಬಡಿಕೆ. ಜನನಿಗೆ ಮಾತ್ರ ಹಾಗಲ್ಲ.

"ನೀರ್ ತಾ ಮಗಾ. ನಾಲಗೆ ಅಂಟ್ಕೊಂಡದೆ. ನಿನ್ ಹೊಟ್ಟೆ ತಣ್ಣಗಿರ್ಲಿ, ಒಂದ್ ಗುಟುಕು ತಾ."

ಬೆಳಗಿನಿಂದ ಸಂಜೆಯ ತನಕ ಅದೇ ಮಾತು. ಜನನಿಯ ಸ್ವಂತ ಅವ್ವ ಮಾತಾಡುವುದೂ ಹೀಗೇ. ಕೊನೆಗೆ ಎರಡು ಚಮಚ ನೀರು ಬಿಟ್ಟಳು. ಮುದುಕಿ ಕೆಮ್ಮಿದಳು, ಕಣ್ಣು ಮೇಲೆ ಮಾಡಿ ಕೆಮ್ಮಿದಳು. ಮೂರನೇ ದಿನ ಹಾಸಿಗೆ ಖಾಲಿ.

"ನೀರು ಕೊಟ್ಟೆಯಲ್ಲ, ಈಗ ಖುಷಿಯಾ?" ಅಂದಳು ವಾರ್ಡಿನ ಸಿಸ್ಟರ್ ದೈವಾನೈ, ಎಲ್ಲರೆದುರು. ಡಾಕ್ಟರು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ನಲವತ್ತು ಹಾಸಿಗೆಯನ್ನು ಇಬ್ಬರು ಹುಡುಗಿಯರ ಕೈಗೆ ಕೊಟ್ಟವರು ಯಾರು ಅನ್ನುವ ಪ್ರಶ್ನೆ ಯಾವ ಪ್ರಶ್ನಾವಳಿಯಲ್ಲೂ ಇಲ್ಲ. ಇರುವುದೂ ಇಲ್ಲ.

ಐದನೇ ದಿನ ಹೊಸ ಪಾಠ. ನಡುವೆ ನಿಂತವಳು ತನ್ನ ದುಃಖ ಹೇಳಬೇಕು, ಸುತ್ತ ನಿಂತವರು ಅದನ್ನು ನಗುವಿನಿಂದ ಊದಿ ಹಾರಿಸಿಬಿಡಬೇಕು. ಒಬ್ಬಳು ಪರೀಕ್ಷೆ ಅಂದಳು, ಒಬ್ಬಳು ಹಾಸ್ಟೆಲ್ ಸಾಂಬಾರು ಅಂದಳು. ಜನನಿಗೆ ಇನ್ನು ಹೊತ್ತುಕೊಂಡಿರಲು ಆಗಲಿಲ್ಲ. ಪಾಪಮ್ಮಾಳ್ ನೀರು ಕೇಳಿದ್ದನ್ನು, ತಾನು ಕೊಟ್ಟದ್ದನ್ನು, ಅವಳು ಸತ್ತದ್ದನ್ನು ಹೇಳಿದಳು. ಮೇಡಂ ಗಡಿಯಾರ ನೋಡಿದರು.

"ಒಂದು, ಎರಡು, ಮೂರು."

ಹುಡುಗಿಯರು ಕೈ ಎತ್ತಿದರು. ಇಬ್ಬರ ಕಣ್ಣಲ್ಲಿ ನೀರಿತ್ತು, ಅವರೂ ನಕ್ಕರು. ಹಾಜರಿ ಬೇಕಲ್ಲ. ಮೂವತ್ತನೆಯವಳಾಗಿ ಜನನಿಯೂ ನಕ್ಕಳು.

ಅಂದೇ ಅಣ್ಣ ದುರೈಗೆ ಫೋನ್ ಮಾಡಿದಳು. ಅವನು ಬೋಡಿಯ ಮೇಲಿನ ಬೆಟ್ಟದ ಏಲಕ್ಕಿ ತೋಟಕ್ಕೆ ಕೂಲಿ ಹೆಂಗಸರನ್ನು ಹೊತ್ತೊಯ್ಯುವ ಜೀಪಿನ ಡ್ರೈವರು. ಮಾರನೇ ಬೆಳಿಗ್ಗೆ ಗೇಟಿನ ಹತ್ತಿರ ಜೀಪು ನಿಲ್ಲಿಸಿ, ನಗೆ ಮುಗಿಯುವ ತನಕ ಕಾದ. ತಂಗಿ ಅವನಿಗೆ ಇನ್ನೂ ಪಾಪಾ, ಅಂದರೆ ಕೂಸು.

"ಏನ್ ಪಾಪಾ, ಇಳ್ದು ಹೋಗಿದೀಯ. ಹೊಟ್ಟೆಗೆ ಸೋರು ಹಾಕ್ತಾರಾ, ಬರೀ ಕಂಜಿನಾ?"

"ಅಣ್ಣಾ, ಮನೆಗೆ ಕರ್ಕೊಂಡ್ ಹೋಗು."

"ಯಾಕ್? ಈಗ ತಾನೇ ನೋಡ್ದೆ, ಎಲ್ಲಾರ್ಕಿಂತ ಜೋರಾಗಿ ನಗ್ತಾ ಇದ್ದೋಳು ನೀನೇ."

"ಅದು ಪಾಠ ಅಣ್ಣಾ."

"ನಗೋದೂ ಪಾಠವಾ? ಒಂಬತ್ತನೇ ಕ್ಲಾಸಿಗೇ ಬಿಟ್ಟ ನಾನೇ ಬುದ್ಧಿವಂತ."

ಅವಳು ಎಲ್ಲ ಹೇಳಿದಳು. ದುರೈ ಕಾಲಿನಿಂದ ಮಣ್ಣು ಕೆದರುತ್ತ ಕೇಳಿದ.

"ಇಷ್ಟಕ್ಕಾ ಕವಲೆ, ಇಷ್ಟಕ್ಕಾ ಚಿಂತೆ? ಹುಚ್ಚಿ. ಸಾಯೋರ ಬಾಯಿಗೆ ನೀರ್ ಬಿಡಕ್ಕೆ ಮಕ್ಳು ಮೊಮ್ಮಕ್ಳು ಓಡಿ ಬರ್ತಾರೆ ನಮ್ಮಲ್ಲಿ. ಆಯಮ್ಮಂಗೆ ನೀನ್ ಬಿಟ್ಟೆ. ಪುಣ್ಯ ಕಣೆ."

"ಆವಾಗ ಆಯಮ್ಮ ಸಾಯ್ತಾ ಇರ್ಲಿಲ್ಲ ಅಣ್ಣಾ."

ಜೀಪಿನೊಳಗಿಂದ ಕೂಲಿ ಹೆಂಗಸು ಕಾಳಿಯಮ್ಮಾಳ್ ಕೂಗಿದಳು, "ಏ ದುರೈ, ಹೊತ್ತಾಯ್ತು, ಮೇಸ್ತ್ರಿ ವಾಪಸ್ ಕಳಿಸ್ತಾನೆ."

"ಇನ್ನೆರಡ್ ವರ್ಷ ಹಲ್ ಕಚ್ಕೊಂಡ್ ಇರು ಪಾಪಾ" ಅಂದ ಅವನು. "ನಮ್ ಮನೇಲಿ ತೋಟದ್ ಕೂಲಿಗೆ ಹೋಗದೆ ಇರೋಳು ನೀನೊಬ್ಳೇ." ತಂಗಿಯನ್ನು ನಗಿಸಬೇಕು ಅಂತ, ಬೇರೆ ದಾರಿ ಕಾಣದೆ, ಹಲ್ಲು ಬಿಟ್ಟು ನಕ್ಕ. ಅವನೂ ನಕ್ಕ.

ಜೀಪು ಹೋಯಿತು. ಇನ್ನು ಕೇಳಲು ಯಾರೂ ಉಳಿಯಲಿಲ್ಲ.

ಏಳನೇ ದಿನದ ಪ್ರಶ್ನಾವಳಿಗೆ ಜನನಿ ಎರಡು ನಿಮಿಷ ತೆಗೆದುಕೊಂಡಳು. ನಿದ್ದೆ ಬರುತ್ತದೆ. ಊಟ ಸೇರುತ್ತದೆ. ಭಾರ ಇಲ್ಲವೇ ಇಲ್ಲ. ಕೂಡಿ ನೋಡಿದ ಮೇಡಂ ಅವಳ ಬೆನ್ನು ತಟ್ಟಿದರು. "ನಲವತ್ತಾರರಿಂದ ಮೂರಕ್ಕೆ. ನಾಳೆಯಿಂದ ಮೊದಲನೇ ವರ್ಷದವರಿಗೆ ನೀನೇ ಹೇಳಿಕೊಡು."

ಮರುದಿನ ಆರಕ್ಕೆ ಅವಳು ಸಾಲಿನ ಮುಂದೆ ನಿಂತಳು. ಎರಡನೇ ಸಾಲಿನ ಒಂದು ಹುಡುಗಿಯ ಕಣ್ಣು ಕೆಂಪಗೆ ಊದಿಕೊಂಡಿತ್ತು. ಜನನಿ ಅವಳನ್ನು ಏನೂ ಕೇಳಲಿಲ್ಲ.

"ಕೈ ಎತ್ತಿ" ಅಂದಳು.