ಕಂಬಕ್ಕೆ ಹೊಡೆಯುವ ಕಲ್ಲು

೧

ಈ ಕಥೆಯನ್ನು ನೀರಿನಿಂದ ಶುರು ಮಾಡಲೇ, ಸದ್ದಿನಿಂದಲೇ? ನೀರಿನಿಂದ ಮಾಡಿದರೆ ಕಾರ್ಪೊರೇಷನ್ನಿನ ಕಥೆಯಾಗುತ್ತದೆ, ನಿಮಗೆ ಆಕಳಿಕೆ ಬರುತ್ತದೆ. ಸದ್ದಿನಿಂದಲೇ ಆಗಲಿ: ಠಣ್, ಠಣ್, ಠಣ್.

(ಮೂರು ಸಲ ಬೇಡವೇನೋ. ನಿವಾಸಿಗಳು ಮಲಗಿದ್ದಾರೆ.)

೨

ಶಿವಮೊಗ್ಗದ ಹೊಸಮನೆ, ಒಂದು ಅಡ್ಡರಸ್ತೆ. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬಂದ ಕೂಡಲೇ ಶಂಕರಮ್ಮ ಹೊರಬಂದು ಕಬ್ಬಿಣದ ಕರೆಂಟ್ ಕಂಬಕ್ಕೆ ಕಲ್ಲಿನಿಂದ ಹೊಡೆಯುತ್ತಾರೆ. ಮೊದಲು ಅವರಿದ್ದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಲ್ಲಿ ಅವರ ಮನೆಸಾಲಿನ ಪದ್ಧತಿ ಅದು: ನೀರು ಮೊದಲು ಕಂಡವರು ಕಂಬ ಬಾರಿಸಬೇಕು. ಬಾರಿಸದೆ ಕೊಡ ತುಂಬಿಕೊಂಡವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲ.

ಹೊಸಮನೆಯ ಈ ರಸ್ತೆಯಲ್ಲಿ ಎಲ್ಲರಿಗೂ ಸಂಪ್ ಇದೆ, ನೀರು ತಾನಾಗಿ ತುಂಬುತ್ತದೆ. ಶಂಕರಮ್ಮನಿಗೂ ಅದು ಗೊತ್ತು. ಆದರೂ ಯಾರಿಗೂ ಹೇಳದೆ ತಾವೊಬ್ಬರೇ ನೀರು ಹಿಡಿಯುವುದು ಅವರಿಗೆ ಕಳ್ಳತನದ ಹಾಗೆ ಕಾಣುತ್ತದೆ.

೩

ಉಮಾಮಹೇಶ್ವರಿ ಈ ರಸ್ತೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಸಂಬಳವಿಲ್ಲ, ಬೈಗುಳ ಮಾತ್ರ ಕಾಲಕಾಲಕ್ಕೆ ಬರುತ್ತದೆ. ಒಂದು ಮಾತಾಡುವ ಮುಂಚೆ ಅದನ್ನು ಮನಸ್ಸಿನಲ್ಲೇ ತಿದ್ದಿ ನೋಡುವವಳು. ಕಂಬದ ಪಕ್ಕದ ಮನೆಯ ವಿಜಯಕುಮಾರ್ ಅವಳನ್ನು ಗೇಟಿನಲ್ಲೇ ಹಿಡಿದ.

"ಮೇಡಂ, ಭದ್ರಾವತೀಲಿ ಶಿಫ್ಟ್ ಮುಗಿಸಿ ಬಂದು ಕಣ್ಣು ಮುಚ್ತೀನಿ, ಠಣ್! ಭಾನುವಾರದೊಳಗೆ ನಿಲ್ಲಿಸಿ, ಇಲ್ಲಾಂದ್ರೆ ಪೊಲೀಸ್ನೋರಿಗೆ ಹೇಳ್ತೀನಿ. ಆದ್ರೆ ನನ್ನ ಹೆಸರು ಮಾತ್ರ ಬರ್ಬಾರ್ದು."

ಈ ರಸ್ತೆಯಲ್ಲಿ ಶಂಕರಮ್ಮನಿಗೆ ಉಳಿದಿರುವ ಕೆಲಸ ಅದೊಂದೇ. ಕಿತ್ತುಕೊಂಡರೆ ಅವರು ಬಾಗಿಲು ಹಾಕಿಕೊಂಡುಬಿಡುತ್ತಾರೆ. ಕಿತ್ತುಕೊಳ್ಳದಿದ್ದರೆ ಅದೇ ಬಾಗಿಲಿಗೆ ಪೊಲೀಸರು ಬರುತ್ತಾರೆ.

೪

ಇಲ್ಲಿ ಒಂದು ಡ್ರಾಫ್ಟ್ ಬರೆದು ಹರಿದೆ. ಅದರಲ್ಲಿ ಉಮಾಮಹೇಶ್ವರಿ ನೇರವಾಗಿ ಹೋಗಿ ಶಂಕರಮ್ಮನಿಗೆ ಹೇಳಿಬಿಟ್ಟಿದ್ದಳು. ಉಮಾಮಹೇಶ್ವರಿಯೇ ಒಪ್ಪಲಿಲ್ಲ.

"ನನ್ನ ಕೈಲಿ ಯಾಕೆ ಹೇಳಿಸ್ತೀರಿ? ಬರೆಯೋರು ನೀವು. ನೀವೇ ಹೇಳಿ."

(ಹೇಳಬಹುದಿತ್ತು. ಆದರೆ ನನ್ನ ಹೆಸರು ಬರಬಾರದು.)

೫

ಹಾಗಾಗಿ ಮೀಟಿಂಗ್. ಅಧ್ಯಕ್ಷ ಷಡಕ್ಷರಪ್ಪನವರ ಕಾರ್ ಶೆಡ್ಡಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಉಮಾಮಹೇಶ್ವರಿ ಎದ್ದು ನಿಂತು, ತಿದ್ದಿ ತಿದ್ದಿ ಸವೆಸಿದ ವಾಕ್ಯವನ್ನು ಹೇಳಿದಳು: "ಕೆಲವರಿಂದ ಕೆಲವರಿಗೆ ಬೆಳಗಿನ ಜಾವ ಸದ್ದಿನ ತೊಂದರೆ ಆಗ್ತಿದೆ ಅಂತ ಕೆಲವರು ಹೇಳಿದ್ದಾರೆ."

ಎಲ್ಲರೂ ಕುರ್ಚಿಯ ಕಾಲು ನೋಡಿದರು. ತಲೆ ಎತ್ತಿದವರು ಶಂಕರಮ್ಮ ಒಬ್ಬರೇ.

"ಅಯ್ಯೋ, ಯಾರು ಮಾರಾಯ್ತಿ ಅದು? ಅಷ್ಟೊತ್ತಿಗೇ ಮಿಕ್ಸಿ ಹಾಕ್ತಾರಾ? ಹೆಸರು ಹೇಳಿ, ನಾನೇ ಹೋಗಿ ಕೇಳ್ತೀನಿ."

ಷಡಕ್ಷರಪ್ಪ ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. "ಹಾಗಾದ್ರೆ ಈ ಸದ್ದಿನ ಜವಾಬ್ದಾರಿ ಶಂಕರಮ್ಮನೋರಿಗೇ ಇರ್ಲಿ."

ಚಪ್ಪಾಳೆ. ವಿಜಯಕುಮಾರ್ ಕೂಡ ತಟ್ಟಿದ.

೬

ಶಂಕರಮ್ಮ ಮನೆಮನೆಗೆ ಹೋದರು. ನಿಮಗೆ ಯಾರ ಸದ್ದು, ನಿಮಗೆ ಯಾರ ಸದ್ದು?

"ನನಗಾ?" ಎಂದ ವಿಜಯಕುಮಾರ್. "ಬಿಡಿ ಅಮ್ಮ, ಮಲಗಿದ್ರೆ ನಾನು ಕೊರಡು."

೭

ಅಂತ್ಯಗಳು ಇವೆ, ಆರಿಸಿಕೊಳ್ಳಿ.

ಅ. ಶಂಕರಮ್ಮ ಒಂದು ದಿನ ಕಂಬ ಬಾರಿಸಲಿಲ್ಲ. ರಸ್ತೆಗೆಲ್ಲ ನೀರಿಲ್ಲದೆ ಹೋಯಿತು, ಎಲ್ಲರೂ ಪಶ್ಚಾತ್ತಾಪಪಟ್ಟರು. (ಸಂಪ್ ಇದೆ ಎಂದು ನಾನೇ ಬರೆದಿದ್ದೇನೆ. ರದ್ದು.)

ಆ. ಸಂಘ ಅವರಿಗೆ ವಾಟ್ಸಾಪ್ ಕಲಿಸಿತು. ಈಗ ನೀರು ಬಂದರೆ ಗ್ರೂಪಿನಲ್ಲಿ ಒಂದು ಗುಲಾಬಿ ಹೂ ಬರುತ್ತದೆ. (ಇದು ವಾರ್ಷಿಕ ವರದಿಗೆ ಚೆನ್ನಾಗಿರುತ್ತದೆ.)

ಇ. ಇದಕ್ಕೆ ಹೆಸರಿಟ್ಟಿಲ್ಲ.

೮

ಭಾನುವಾರ. ನೀರು ಬಂತು. ಹೊಸ ವಾಕ್ಯವೊಂದನ್ನು ಸಿದ್ಧ ಮಾಡಿಕೊಂಡು ಉಮಾಮಹೇಶ್ವರಿ ಕಂಬದ ಹತ್ತಿರ ಹೋದಳು. ಶಂಕರಮ್ಮ ಕಲ್ಲು ಹಿಡಿದು ನಿಂತಿದ್ದರು, ಹೊಡೆದಿರಲಿಲ್ಲ.

"ಎಲ್ಲಾ ಮನೇಲೂ ಕೇಳ್ದೆ ಕಣಮ್ಮ. ಎಲ್ರೂ ಕಾಫಿ ಕೊಟ್ರು, ಹೆಸರು ಕೊಡ್ಲಿಲ್ಲ. ಒಂದು ಮನೆ ಮಾತ್ರ ಕೇಳೋದು ಬಾಕಿ ಇತ್ತು."

"ಯಾರದು?"

"ನಂದು."

ಉಮಾಮಹೇಶ್ವರಿಯ ವಾಕ್ಯ ಅಲ್ಲೇ ಕರಗಿತು. ಶಂಕರಮ್ಮ ಅವಳ ಅಂಗೈ ಬಿಡಿಸಿ ಕಲ್ಲನ್ನಿಟ್ಟರು. ಅದು ಬೆಚ್ಚಗಿತ್ತು.

"ಇವತ್ತು ನೀವು ಹೊಡೀರಿ. ಯಾರು ಬಾಗಿಲು ತೆಗೆದು ನಿಮಗೆ ಬಯ್ತಾರೆ, ನೋಡೋಣ."

ವಿಜಯಕುಮಾರನ ಮನೆಯ ಲೈಟು ಈಗಷ್ಟೇ ಆರಿದೆ. ಸಂಪುಗಳಿಗೆ ನೀರು ಬೀಳುತ್ತಿದೆ. ಉಮಾಮಹೇಶ್ವರಿ ಕಲ್ಲು ಹಿಡಿದುಕೊಂಡು, ಏನಾದರೂ ಬರೆಯಿರಿ ಎನ್ನುವಂತೆ ನನ್ನತ್ತ ನೋಡುತ್ತಿದ್ದಾಳೆ.

ನಾನು ಕುರ್ಚಿಯ ಕಾಲು ನೋಡುತ್ತಿದ್ದೇನೆ.