ನೂರರಲ್ಲಿ ಎಪ್ಪತ್ತಮೂರನೆಯದು

ಮನೆಯಲ್ಲಿ ಹನ್ನೊಂದು ವಾಚುಗಳಿದ್ದ ಗಂಗಾಧರಸ್ವಾಮಿಗಳು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರನ್ನು 'ಗಂಟೆ ಎಷ್ಟಾಯ್ತಪ್ಪ?' ಎಂದು ಕೇಳುತ್ತಿದ್ದರು. ಬಿರುಬೇಸಗೆಯಲ್ಲೂ ಕಳಚದ ಕರಿಯ ಕೋಟು, ಒಂದೊಂದು ಹೆಜ್ಜೆಗೂ ನೆಲದ ಅನುಮತಿ ಬೇಡುವಂಥ ನಡಿಗೆ, ಮಾತಿಗೊಮ್ಮೆ 'ಅದಿರ್ಲಿ'. ಮಣಿಕಟ್ಟು ಮಾತ್ರ ಬೋಳು. ಅರಿಸಿನದ ವ್ಯಾಪಾರದಲ್ಲಿ ದುಡಿದದ್ದನ್ನೆಲ್ಲ ಈ ಹುಚ್ಚಿಗೆ ಸುರಿದ ಪುಣ್ಯಾತ್ಮ, ಕಟ್ಟಿದರೆ, ಕೀಲಿ ಕೊಟ್ಟರೆ ಸವೆಯುತ್ತದೆಂದು ಒಂದನ್ನೂ ಕಟ್ಟಲಿಲ್ಲ, ಓಡಿಸಲೂ ಇಲ್ಲ. 'ಲಿಂಗವ ಕೊರಳ್ಗೆ ಕಟ್ಕೊಳ್ದೆ ಬೀರುವಲಿಟ್ಟು ಬೀಗ ಹಾಕಿರಾ? ವಾಚ್ಗೆ ಮಾತ್ರ ಯಾಕೀ ಗತಿ?' ಎಂದು ಹೆಂಡತಿ ಶಾಂತಮಲ್ಲಮ್ಮ ಚುಚ್ಚುತ್ತಿದ್ದರು.

ಹನ್ನೊಂದರಲ್ಲಿ ಪಟ್ಟದ ವಾಚು ಸ್ವಿಟ್ಜರ್ಲೆಂಡಿನದು. ಪ್ರಪಂಚಕ್ಕೆಲ್ಲ ನೂರೇ ಮಾಡಿ ಅಚ್ಚು ಮುರಿದರಂತೆ. ಬೆನ್ನಿನ ಮೇಲೆ ಎಪ್ಪತ್ತಮೂರು ಎಂದು ಕೊರೆದಿತ್ತು. ತೊಂಬತ್ತೆರಡನೇ ಇಸವಿಯಲ್ಲಿ ಸುಲ್ತಾನ್ ಬತ್ತೇರಿಯ ದುಬೈ ಸಾಹುಕಾರನೊಬ್ಬನಿಂದ ಅದನ್ನು ಕೊಂಡು ತಂದ ದಿನ, ತನ್ನಂಥವರು ಜಗತ್ತಿನಲ್ಲಿ ಇನ್ನು ತೊಂಬತ್ತೊಂಬತ್ತೇ ಮಂದಿ ಎಂಬ ಹಮ್ಮಿನಲ್ಲಿ ಅವರಿಗೆ ಅನ್ನವೇ ಸೇರಲಿಲ್ಲ. ಆದರೆ ಅದರ ಮಹಿಮೆ ಬಲ್ಲವರು ಸುತ್ತಮುತ್ತ ಯಾರಿದ್ದರು? ಚಾಮರಾಜನಗರದಲ್ಲಿ ವಾಚು ರಿಪೇರಿ ಮಾಡುವ ನಂಜಯ್ಯನೊಬ್ಬನೇ. ತಿಂಗಳಿಗೊಮ್ಮೆ ಬಸ್ಸೇರಿ ಹೋಗಿ ಅವನಿಗೆ ತೋರಿಸಿ ಬರುವುದೇ ಇವರ ತೀರ್ಥಯಾತ್ರೆ.

ನಂಜಯ್ಯನ ಕಣ್ಣಿನ ನರ ಒಣಗುತ್ತಿತ್ತು. ಮೈಸೂರಿನ ಡಾಕ್ಟರೂ ಕೈಚೆಲ್ಲಿದ್ದರು. 'ಬುದ್ಧೀ, ಕಣ್ ಓಗಕ್ಮುಂಚೆ ಒಂದ್ಸಲ ಮುಚ್ಚಳ ತಗುದು ಒಳಗ್ನ ಚಕ್ರಗೊಳ ನೋಡ್ಬುಡ್ತೀನಿ' ಎಂದು ಅಂಗಲಾಚಿದ. ಅಯ್ಯೋ, ಕಂಪನಿಯವರೇ ಮುಚ್ಚಿದ ಬೆನ್ನನ್ನು ತೆರೆಯುವುದೆಂದರೇನು! ಇದ್ದ ಬೆಲೆಯೂ ಬಿದ್ದುಹೋದೀತು. 'ಅದಿರ್ಲಿ ಕಣಯ್ಯ, ಮುಂದ್ಕೆ ನೋಡನ' ಎಂದರು. ಎರಡು ವರ್ಷ ಹಾಗೇ ಅಂದರು.

ತೊಂಬತ್ತೇಳರಲ್ಲಿ ನಂಜಯ್ಯ ಅಂಗಡಿ ಮುಚ್ಚಿದನೆಂದು ಕೇಳಿದ್ದೇ ತಡ, ವಾಚಿನ ಪೆಟ್ಟಿಗೆ ಹಿಡಿದು ಅವನ ಮನೆಗೇ ಹೋದರು. 'ತಕೊ ನಂಜಯ್ಯ, ಮುಚ್ಚಳ ತಗಿ, ಬೆಲೆ ಮನೆ ಹಾಳಾಗ್ಲಿ' ಎಂದು ಅಂಗೈಯಲ್ಲಿಟ್ಟರು. ಅವನು ಮಗುವಿನ ಮುಖ ಸವರುವಂತೆ ಸವರಿದ. ಕೀಲಿ ಕೊಟ್ಟ, ಕಿವಿಗಿಟ್ಟುಕೊಂಡ.

'ತಿರುಗ್ತಿಲ್ಲ ಬುದ್ಧಿ. ಓಡುಸ್ದೆ ಮಡಗಿ ಎಣ್ಣೆ ಅಂಟಾಗೋಗದೆ.' 'ಇನ್ನ ತಗುದ್ರೂ ನಾ ಏನ ನೋಡ್ಲಿ? ಎಲ್ಲಾ ಕತ್ಲೆ' ಎಂದ.

ಗಂಗಾಧರಸ್ವಾಮಿಗಳು ಅಲ್ಲೇ, ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕುಳಿತು, ಬಿಕ್ಕಿಬಿಕ್ಕಿ ಅತ್ತರು.

ಅಪೂರ್ವವೆಂದು ವಸ್ತುವನ್ನು ಕಾಯುವ ಈ ಬಗೆಯ ಜನಕ್ಕೆ, ಅದನ್ನು ಕಂಡು ಕಣ್ಣರಳಿಸಬಲ್ಲ ಮನುಷ್ಯ ಅದಕ್ಕಿಂತಲೂ ಅಪೂರ್ವ ಎಂಬುದು ಅವನು ಕೈತಪ್ಪುವವರೆಗೂ ಹೊಳೆಯುವುದಿಲ್ಲ. ಹೊಳೆದ ಮೇಲೆ, ತುಂಬಿದ ಪೆಟ್ಟಿಗೆಯ ಮುಂದೆ ಕುಳಿತ ಅವರಷ್ಟು ಬಡವರು ಲೋಕದಲ್ಲಿ ಇನ್ನೊಬ್ಬರಿರುವುದಿಲ್ಲ.